1969ರ ಆ ಮತಪತ್ರ: ಗಡಿನಾಡಿನ ಪಕ್ಷೇತರನಿಗೆ ಗಿರಿ ಏಕೆ?

2022ರ ಜುಲೈ ತಿಂಗಳಲ್ಲಿ ನಡೆದ ರಾಷ್ಟ್ರಪತಿ ಚುನಾವಣೆಯಲ್ಲಿ ಕೇರಳ ವಿಧಾನಸಭೆಯ 140 ಮಂದಿ ಸದಸ್ಯರ ಪೈಕಿ 139 ಮಂದಿಯ ಮತ ಶ್ರೀ ಯಶವಂತ ಸಿನ್ಹಾ ಅವರಿಗೆ ಬಿತ್ತು. ಒಂದೇ ಒಂದು ಮತ ಶ್ರೀಮತಿ ದ್ರೌಪದಿ ಮುರ್ಮು ಅವರಿಗೆ ಬಿತ್ತು. ಆ ಸಭೆಯಲ್ಲಿ ಆಳುವವರೂ ವಿರೋಧಿಸುವವರೂ ಸಿನ್ಹಾ ಅವರ ಕಡೆಗೇ ಇದ್ದರು. ಮುರ್ಮು ಅವರನ್ನು ನಿಲ್ಲಿಸಿದ್ದ ಪಕ್ಷಕ್ಕೆ ಅಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ. ಹಾಗಾದರೆ ಆ ಮಹನೀಯರು ಯಾರು? ಕೆಲವು ದಿನ ಹೋಟೆಲುಗಳಲ್ಲಿ, ಬಸ್ ಸ್ಟಾಂಡುಗಳಲ್ಲಿ ಇದೇ ಮಾತು. ಯಾರು ಎಂದು ಕೇಳಿದವರೇ ಎಲ್ಲರೂ. ಏಕೆ ಎಂದು ಕೇಳಿದವರು ಬಹಳ ಕಡಿಮೆ.

ರಾಷ್ಟ್ರಪತಿ ಚುನಾವಣೆಯ ಮತ ಗುಪ್ತ ಮತ. ರಾಜ್ಯಸಭೆಯ ಚುನಾವಣೆಯಲ್ಲಿ 2003ರ ನಂತರ ಪಕ್ಷದ ಶಾಸಕ ತನ್ನ ಮತಪತ್ರವನ್ನು ಪಕ್ಷದ ಏಜೆಂಟನಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಇಲ್ಲಿ ಆ ಕಟ್ಟಳೆಯಿಲ್ಲ. ಪಕ್ಷದವರು ವಿಪ್ ಹೊರಡಿಸುವಂತಿಲ್ಲ; ಪಕ್ಷದ ಮಾತು ಮೀರಿದ್ದಕ್ಕೆ ಸದಸ್ಯತ್ವ ಹೋಗುವ ಭಯವೂ ಇಲ್ಲ. ಆದರೂ ಪಕ್ಷದ ಸದಸ್ಯನಿಗೆ ಕಾರಣ ಹುಡುಕುವ ಕಷ್ಟ ಇರುವುದಿಲ್ಲ. ಕಾರಣವನ್ನು ಪಕ್ಷವೇ ಸಿದ್ಧಪಡಿಸಿ ಕೈಗೆ ಕೊಟ್ಟಿರುತ್ತದೆ. ಪಕ್ಷೇತರನಿಗೆ ಹಾಗಲ್ಲ. ಮತಪತ್ರದ ಮುಂದೆ ನಿಂತಾಗ ಆತನಿಗೆ ಆತನೇ ಹೈಕಮಾಂಡು.

ಇದನ್ನು ಈಗ ಎತ್ತಲು ನಮಗೊಂದು ಕಾರಣವಿದೆ. ಒಂದು ಕಾಲದಲ್ಲಿ ನಮ್ಮ ಗಡಿನಾಡಿನ ಕನ್ನಡಿಗರು ತಿರುವನಂತಪುರಕ್ಕೆ ಪಕ್ಷೇತರರನ್ನೇ ಆರಿಸಿ ಕಳಿಸುತ್ತಿದ್ದರು. 1957ರಲ್ಲಿ ಮಂಜೇಶ್ವರದಿಂದ ಶ್ರೀ ಎಂ. ಉಮೇಶರಾವ್ ಅವಿರೋಧವಾಗಿ ಆರಿಸಿ ಬಂದರು. 1960ರಲ್ಲಿ ಅದೇ ಕ್ಷೇತ್ರದಿಂದ ಶ್ರೀ ಕೆ. ಮಹಾಬಲ ಭಂಡಾರಿಯವರು ಬಂದರು. 1967ರ ಚುನಾವಣೆಯಲ್ಲಂತೂ ಮಂಜೇಶ್ವರದಿಂದ ಭಂಡಾರಿಯವರೂ ಕಾಸರಗೋಡಿನಿಂದ ಶ್ರೀ ಯು. ಪಿ. ಕುಣಿಕುಳ್ಳಾಯರೂ, ಇಬ್ಬರೂ ಪಕ್ಷೇತರರಾಗಿ ಗೆದ್ದರು. ಆ ಸಭೆಯ ಅವಧಿಯಲ್ಲಿಯೇ, 1969ರ ಆಗಸ್ಟ್ 16ರಂದು, ಸ್ವತಂತ್ರ ಭಾರತ ಕಂಡ ಅತ್ಯಂತ ತುರುಸಿನ ರಾಷ್ಟ್ರಪತಿ ಚುನಾವಣೆ ನಡೆಯಿತು. ನಮ್ಮ ಎರಡು ಕ್ಷೇತ್ರಗಳಿಗೆ ಸೇರಿದ ಆ ಎರಡು ಮತಪತ್ರಗಳ ಮೇಲೆ ಏನು ಬರೆಯಲಾಯಿತೆಂಬುದು ಪೆಟ್ಟಿಗೆಯ ಗುಟ್ಟು. ಅದನ್ನು ಕೆದಕುವುದು ನಮ್ಮ ಉದ್ದೇಶವಲ್ಲ. ಅಂಥ ಮತಪತ್ರವೊಂದು ನಮ್ಮ ಕೈಗೆ ಬಂದಿದ್ದರೆ, ಕನ್ನಡದ ಹೆಸರಿನಲ್ಲಿ ಗೆದ್ದ ಪಕ್ಷೇತರರಾಗಿ ನಾವು ಯಾರಿಗೆ ಮತ ಕೊಡುತ್ತಿದ್ದೆವು, ಏಕೆ ಕೊಡುತ್ತಿದ್ದೆವು? ಇಷ್ಟನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಪ್ರಸಂಗವನ್ನು ಸ್ವಲ್ಪ ನೆನಪಿಸಬೇಕು. 1969ರ ಮೇ 3ರಂದು ರಾಷ್ಟ್ರಪತಿ ಡಾ. ಝಾಕಿರ್ ಹುಸೇನರು ತೀರಿಕೊಂಡರು. ಉಪರಾಷ್ಟ್ರಪತಿ ಶ್ರೀ ವಿ. ವಿ. ಗಿರಿ ಹಂಗಾಮಿಯಾಗಿ ಆ ಸ್ಥಾನ ವಹಿಸಿಕೊಂಡರು. ಜುಲೈಯಲ್ಲಿ ಕಾಂಗ್ರೆಸ್ ನಾಯಕರು ಬೆಂಗಳೂರಿನಲ್ಲಿ ಸೇರಿದಾಗ ಪಾರ್ಲಿಮೆಂಟರಿ ಬೋರ್ಡು ಪ್ರಧಾನಿ ಇಂದಿರಾ ಗಾಂಧಿಯವರ ಮನಸ್ಸಿಗೆ ವಿರುದ್ಧವಾಗಿ, ಬಹುಮತದಿಂದ, ಲೋಕಸಭೆಯ ಸ್ಪೀಕರ್ ಶ್ರೀ ನೀಲಂ ಸಂಜೀವ ರೆಡ್ಡಿಯವರನ್ನು ಉಮೇದುವಾರರನ್ನಾಗಿ ಆರಿಸಿತು. ಅದರ ಬೆನ್ನಿಗೇ ಗಿರಿಯವರು ತಾವೂ ನಿಲ್ಲುವುದಾಗಿ ಸಾರಿದರು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಆಜ್ಞೆಗೆ ಸಹಿ ಹಾಕಿ, ಮರುದಿನವೇ ಹುದ್ದೆ ಬಿಟ್ಟು ಕೆಳಗಿಳಿದರು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಹಿದಾಯತುಲ್ಲಾ ಅವರು ಹಂಗಾಮಿ ರಾಷ್ಟ್ರಪತಿಗಳಾದರು. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದ ಪ್ರಧಾನಿಯವರೇ ಮತದಾನ ಹತ್ತಿರ ಬಂದಾಗ, ಆತ್ಮಸಾಕ್ಷಿಗೆ ತೋರಿದಂತೆ ಮತ ನೀಡಿರೆಂದು ತಮ್ಮವರಿಗೆ ಹೇಳಿದರು. ಸ್ವತಂತ್ರ ಪಕ್ಷ ಮತ್ತು ಜನಸಂಘ ಸೇರಿ ಶ್ರೀ ಸಿ. ಡಿ. ದೇಶಮುಖರನ್ನು ನಿಲ್ಲಿಸಿದ್ದವು. ಕಣದಲ್ಲಿದ್ದವರು ಒಟ್ಟು 15 ಮಂದಿ. ಅವರಲ್ಲಿ ಕೆಲವರಿಗೆ ಒಂದು ಮತವೂ ಬೀಳಲಿಲ್ಲವೆಂಬುದು ಬೇರೆ ಮಾತು.

ರಾಷ್ಟ್ರಪತಿ ಯಾರಾದರೆ ನಮಗೇನು, ಪಡಿತರದಂಗಡಿಯಲ್ಲಿ ಅಕ್ಕಿ ಹೆಚ್ಚು ಕೊಡುತ್ತಾರೆಯೇ ಎಂದು ಕೇಳುವವರಿದ್ದಾರೆ. ಅಂಥವರಿಗೆ ನಾವು ಸಂವಿಧಾನದ ಮೂರು ಕಡೆ ಬೆರಳಿಟ್ಟು ತೋರಿಸುತ್ತೇವೆ. ಒಂದು ರಾಜ್ಯದ ಜನರಲ್ಲಿ ಗಣನೀಯ ಸಂಖ್ಯೆಯವರು ಬಯಸಿದರೆ ಅವರ ಭಾಷೆಗೆ ಆ ರಾಜ್ಯದಲ್ಲೆಲ್ಲ ಅಥವಾ ಅದರ ಒಂದು ಭಾಗದಲ್ಲಿ ಅಧಿಕೃತ ಮನ್ನಣೆ ಕೊಡಬೇಕೆಂದು ನಿರ್ದೇಶಿಸುವ ಅಧಿಕಾರ 347ನೆಯ ವಿಧಿಯಂತೆ ರಾಷ್ಟ್ರಪತಿಯದು. ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಅನುಕೂಲ ಒದಗಿಸಿರೆಂದು ರಾಜ್ಯಕ್ಕೆ ನಿರ್ದೇಶ ಕೊಡುವ ಅಧಿಕಾರ 350 ಎ ವಿಧಿಯಂತೆ ರಾಷ್ಟ್ರಪತಿಯದು. ಭಾಷಾ ಅಲ್ಪಸಂಖ್ಯಾತರ ಹಿತ ನೋಡುವ ವಿಶೇಷಾಧಿಕಾರಿಯನ್ನು ನೇಮಿಸುವವರೂ, ಆತನ ವರದಿಯನ್ನು ಸಂಸತ್ತಿನ ಮುಂದಿಡಿಸುವವರೂ 350 ಬಿ ವಿಧಿಯಂತೆ ಅವರೇ. ಈ ಕಡೆಯ ಎರಡೂ ಸಂವಿಧಾನದಲ್ಲಿ ಮೊದಲು ಇರಲಿಲ್ಲ. 1956ರಲ್ಲಿ ರಾಜ್ಯಗಳನ್ನು ಭಾಷೆಯ ಪ್ರಕಾರ ಹಂಚಿದಾಗ ಗಡಿಯ ಆಚೆಗೆ ಉಳಿದುಬಿಟ್ಟ ನಮ್ಮಂಥವರಿಗಾಗಿ ಏಳನೆಯ ತಿದ್ದುಪಡಿಯಲ್ಲಿ ಸೇರಿಸಿದವು. ಮುಂದೆ 2015ರಲ್ಲಿ ಕೇರಳ ವಿಧಾನಸಭೆ ಅಂಗೀಕರಿಸಿದ ಮಲಯಾಳ ಭಾಷಾ ಮಸೂದೆಯೂ ಅಂಕಿತಕ್ಕಾಗಿ ಹೋದದ್ದು ರಾಷ್ಟ್ರಪತಿ ಭವನಕ್ಕೇ. ಮಂತ್ರಿಮಂಡಲದ ಸಲಹೆಯಿಲ್ಲದೆ ಆ ಭವನದಲ್ಲಿ ಕಡ್ಡಿ ಅಲುಗುವುದಿಲ್ಲವೆಂಬುದು ನಮಗೂ ಗೊತ್ತು. ಆದರೂ ಮನವಿ ಹೋಗುವ ವಿಳಾಸ ಅದು. ವಿಳಾಸದಲ್ಲಿರುವ ಮನುಷ್ಯನಿಗೆ ಗಡಿಯ ಕಷ್ಟ ತಿಳಿದಿದೆಯೇ ಎಂದು ನೋಡುವುದು ತಪ್ಪೇನಲ್ಲ.

ಹೀಗೆ ನೋಡಹೊರಟರೆ, ಮೂವರು ಮುಖ್ಯ ಉಮೇದುವಾರರಿಗೂ ಭಾಷೆಯ ಗಡಿಯ ನಂಟಿತ್ತು.

ಸಂಜೀವ ರೆಡ್ಡಿಯವರು ಅನಂತಪುರ ಜಿಲ್ಲೆಯವರು. ಮಡಕಶಿರಾ, ರಾಯದುರ್ಗದ ಕನ್ನಡಿಗರು ಆಗ ಇದ್ದದ್ದು ಅದೇ ಜಿಲ್ಲೆಯಲ್ಲಿ. 1956ರಲ್ಲಿ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿಯಾದವರೂ ಅವರೇ. ಆದರೆ ನಮ್ಮ ಪಕ್ಷೇತರನ ಮನಸ್ಸನ್ನು ರೆಡ್ಡಿಯವರ ಕಡೆಗೆ ಎಳೆಯಬಹುದಾಗಿದ್ದವರು ರೆಡ್ಡಿಯವರಿಗಿಂತ ಹೆಚ್ಚಾಗಿ, ಅವರ ಹಿಂದೆ ನಿಂತಿದ್ದ ಶ್ರೀ ಎಸ್. ನಿಜಲಿಂಗಪ್ಪನವರು. ಕರ್ನಾಟಕ ಏಕೀಕರಣಕ್ಕೆ ದುಡಿದ ನಾಯಕ, ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿ, ಆಗಿನ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷ. ಅವರ ಉಮೇದುವಾರ ಗೆದ್ದರೆ ಅವರ ಕೈ ಬಲವಾಗುತ್ತದೆ; ಅವರ ಕೈ ಬಲವಾದರೆ ಮಹಾಜನ ವರದಿಗೆ ಜೀವ ಬರುತ್ತದೆ. ಚಂದ್ರಗಿರಿ, ಪಯಸ್ವಿನಿ ನದಿಗಳ ಉತ್ತರದ ನೆಲ ಮೈಸೂರಿಗೆ ಸೇರಬೇಕೆಂದು ಆ ಆಯೋಗ 1967ರಲ್ಲಿ ಹೇಳಿ ಆಗಿತ್ತಲ್ಲ! ಇದು ಸಣ್ಣ ಕಾರಣವಲ್ಲ. ಕನ್ನಡದ ಹೆಸರಿನಲ್ಲಿ ಗೆದ್ದು ಹೋದ ಯಾರ ಮನಸ್ಸಿಗಾದರೂ ಮೊದಲು ಹೊಳೆಯುವುದು ಇದೇ.

ಆದರೆ ಅಳೆದು ನೋಡಿದರೆ ಈ ಕಾರಣ ಅಷ್ಟು ತೂಗುವುದಿಲ್ಲ. ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರಾದದ್ದು 1968ರಲ್ಲಿ. ದಿಲ್ಲಿಯಲ್ಲಿ ಅವರದೇ ಪಕ್ಷ, ಬೆಂಗಳೂರಿನಲ್ಲಿಯೂ ಅವರದೇ ಪಕ್ಷ. ಆದರೂ ವರದಿ ಕಪಾಟಿನಲ್ಲೇ ಉಳಿದಿತ್ತು. ಎರಡೂ ಕಡೆ ತಮ್ಮವರೇ ಆಳುತ್ತಿದ್ದಾಗ ಆಗದ ಕೆಲಸ ರಾಷ್ಟ್ರಪತಿ ಭವನದಲ್ಲಿ ಇನ್ನೊಬ್ಬ ತಮ್ಮವನು ಕೂತ ಮಾತ್ರಕ್ಕೆ ಆಗುತ್ತದೆಂದು ನಂಬುವುದು ಹೇಗೆ? ಅಭಿಮಾನ ಬೇರೆ, ಲೆಕ್ಕ ಬೇರೆ.

ದೇಶಮುಖರ ವಿಚಾರ ಇನ್ನೂ ಕಠಿನ. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, ನೆಹರೂ ಸಂಪುಟದ ಅರ್ಥಮಂತ್ರಿ. ಮುಂಬಯಿ ನಗರವನ್ನು ಮಹಾರಾಷ್ಟ್ರಕ್ಕೆ ಕೊಡದೆ ಪ್ರತ್ಯೇಕವಾಗಿ ಇಡಲು ಕೇಂದ್ರ ಹೊರಟಾಗ, 1956ರಲ್ಲಿ ಆ ಮಂತ್ರಿಗಿರಿಯನ್ನೇ ಬಿಟ್ಟು ಬಂದವರು. ಗಡಿನಾಡಿನ ಕನ್ನಡಿಗ ಈ ಸಂಗತಿಯನ್ನು ಓದಿದಾಗ ಎರಡು ನಿಮಿಷ ಸುಮ್ಮನಾಗುತ್ತಾನೆ. ನಮ್ಮ ನೆಲ ಹೋದಾಗ ಯಾರು ಕುರ್ಚಿ ಬಿಟ್ಟರು ಎಂಬ ಪ್ರಶ್ನೆ ಏಳದಿರದು. ಆದರೆ 1969ರಲ್ಲಿ ಅವರ ಹಿಂದೆ ಇದ್ದ ಪಕ್ಷಗಳ ಬಲ ಅವರನ್ನು ಗೆಲ್ಲಿಸುವಷ್ಟು ಇರಲಿಲ್ಲ. ಅವರಿಗೆ ಹಾಕುವ ಮೊದಲ ಮತ ಗೌರವದ ಮತವೇ ಹೊರತು ರಾಷ್ಟ್ರಪತಿಯನ್ನು ಆರಿಸುವ ಮತವಾಗುತ್ತಿರಲಿಲ್ಲ. ಕಡೆಗೆ ಆದದ್ದೂ ಹಾಗೆಯೇ. ಅವರ ಮತಗಳನ್ನು ಬಿಚ್ಚಿ ಎರಡನೆಯ ಆಯ್ಕೆ ನೋಡಿದಾಗ ಹೆಚ್ಚಿನ ಪಾಲು ರೆಡ್ಡಿಯವರಿಗೆ ಹೋಯಿತು.

ಇನ್ನು ಗಿರಿಯವರು. ವರಾಹಗಿರಿ ವೆಂಕಟ ಗಿರಿ ಹುಟ್ಟಿದ್ದು 1894ರಲ್ಲಿ ಗಂಜಾಂ ಜಿಲ್ಲೆಯ ಬರ್ಹಾಂಪುರದಲ್ಲಿ, ತೆಲುಗು ಮನೆಯಲ್ಲಿ. ಅಂದು ಆ ಊರು ನಮ್ಮ ಕಾಸರಗೋಡಿನಂತೆಯೇ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1936ರಲ್ಲಿ ಒರಿಸ್ಸಾ ಪ್ರಾಂತ್ಯವನ್ನು ಮಾಡಿದಾಗ ಬರ್ಹಾಂಪುರ ಅತ್ತ ಹೋಯಿತು. ನಮಗೆ 1956ರ ನವೆಂಬರ್ 1ರಂದು ಆದದ್ದು ಆ ಊರಿನ ತೆಲುಗರಿಗೆ 20 ವರ್ಷ ಮೊದಲೇ ಆಗಿತ್ತು. ಮನುಷ್ಯ ಇದ್ದಲ್ಲೇ ಇರುತ್ತಾನೆ, ಗಡಿ ಬಂದು ಆತನನ್ನು ದಾಟಿ ಹೋಗುತ್ತದೆ. ಹುಟ್ಟೂರಿಗೆ ಹೀಗಾದದ್ದನ್ನು ಕಂಡವರು ರಾಷ್ಟ್ರಪತಿಯಾದರೆ, 350 ಬಿ ವಿಧಿಯ ವರದಿ ಮೇಜಿಗೆ ಬಂದಾಗ ಅದನ್ನು ತೆರೆದು ನೋಡುವ ಸಂಭವ ಸ್ವಲ್ಪವಾದರೂ ಹೆಚ್ಚು. ನಮ್ಮ ಮೊದಲ ಕಾರಣ ಇದು.

ಎರಡನೆಯದು, ಅವರು ಈ ಗಡಿಯ ಎರಡೂ ಬದಿಯ ರಾಜಭವನಗಳಲ್ಲಿ ಇದ್ದವರು. 1960ರಿಂದ 1965ರವರೆಗೆ ಕೇರಳದ ರಾಜ್ಯಪಾಲರು. ಅಲ್ಲಿಂದ 1967ರವರೆಗೆ ಮೈಸೂರಿನ ರಾಜ್ಯಪಾಲರು. ಮಹಾಜನ ಆಯೋಗದ ನೇಮಕವಾದಾಗ ಅವರು ಬೆಂಗಳೂರಿನಲ್ಲಿದ್ದರು. ಕಾಸರಗೋಡು ಎಂದರೆ ಭೂಪಟ ತೆಗೆದು ಹುಡುಕಬೇಕಾದ ರಾಷ್ಟ್ರಪತಿಗಿಂತ ಇಂಥವರು ಮೇಲು. ಆ ವರ್ಷ ಕಣದಲ್ಲಿದ್ದ ಮತ್ತೊಬ್ಬರಿಗೆ ಈ ಅನುಭವ ಇರಲಿಲ್ಲ.

ಮೂರನೆಯದೇ ನಮಗೆ ಎಲ್ಲಕ್ಕಿಂತ ದೊಡ್ಡದು. ಗಿರಿಯವರು ಕುರ್ಚಿಯಿಂದ ಏಳಬಲ್ಲವರು. ಕಾರ್ಮಿಕ ಸಂಘಗಳಲ್ಲಿ ಬೆಳೆದು, 1952ರಲ್ಲಿ ಕೇಂದ್ರದ ಕಾರ್ಮಿಕ ಮಂತ್ರಿಯಾದರು. ಬ್ಯಾಂಕು ನೌಕರರ ಸಂಬಳದ ಬಗ್ಗೆ ನ್ಯಾಯಮಂಡಳಿ ಕೊಟ್ಟ ತೀರ್ಪನ್ನು ಸರಕಾರ ತಿದ್ದಿದಾಗ, 1954ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. 1969ರಲ್ಲಿ ಉಪರಾಷ್ಟ್ರಪತಿಯ ಖಾಯಂ ಸ್ಥಾನ, ಹಂಗಾಮಿ ರಾಷ್ಟ್ರಪತಿಯ ಸ್ಥಾನ, ಎರಡನ್ನೂ ಬಿಟ್ಟು ಪಕ್ಷದ ಚೀಟಿಯಿಲ್ಲದೆ ಚುನಾವಣೆಗೆ ನಿಂತರು. ಸೋತಿದ್ದರೆ 75ರ ಪ್ರಾಯದಲ್ಲಿ ಬರಿಗೈಯಲ್ಲಿ ಮನೆಗೆ ಹೋಗಬೇಕಾಗಿತ್ತು. ರಾಷ್ಟ್ರಪತಿಯಾಗುವವರಿಗೆ ಈ ಗುಣ ಏಕೆ ಬೇಕೆಂದರೆ, ಆ ಹುದ್ದೆಯ ಅಧಿಕಾರವೆಲ್ಲ ಸಲಹೆಗೆ ಕಟ್ಟುಬಿದ್ದದ್ದು. ಸಹಿ ಹಾಕುವುದಿಲ್ಲ, ಬೇಕಾದರೆ ಮನೆಗೆ ಹೋಗುತ್ತೇನೆ ಎನ್ನುವ ಶಕ್ತಿಯೊಂದನ್ನು ಯಾರೂ ಕಸಿಯಲಾರರು. ಅದು ಯಾರಲ್ಲಿದೆ ಎಂಬುದಕ್ಕೆ ಹಿಂದಿನ ನಡತೆಯೇ ಸಾಕ್ಷಿ.

ಗಿರಿಯವರ ವಿರುದ್ಧ ಹೇಳಬಹುದಾದ್ದನ್ನು ನಾವು ಮುಚ್ಚಿಡುವುದಿಲ್ಲ. ಹೆಸರಿಗೆ ಅವರು ಪಕ್ಷೇತರರು. ಬೆನ್ನಿಗಿದ್ದವರು ದೇಶದ ಪ್ರಧಾನಿ. ಅಂಥ ಪಕ್ಷೇತರತ್ವಕ್ಕೂ ಮಂಜೇಶ್ವರದ ಪಕ್ಷೇತರತ್ವಕ್ಕೂ ಅಜಗಜಾಂತರ. ಅದಕ್ಕಿಂತ ಇರುಸುಮುರುಸಾದ ಸಂಗತಿ ತಿರುವನಂತಪುರದಲ್ಲಿತ್ತು. ಅಂದು ಕೇರಳವನ್ನಾಳುತ್ತಿದ್ದ ಶ್ರೀ ಇ. ಎಂ. ಎಸ್. ನಂಬೂದಿರಿಪಾಡರ ರಂಗದ ಮುಖ್ಯ ಪಕ್ಷಗಳಾದ ಎರಡೂ ಕಮ್ಯುನಿಸ್ಟ್ ಪಕ್ಷಗಳು ಮತ್ತು ಮುಸ್ಲಿಂ ಲೀಗ್ ಗಿರಿಯವರ ಕಡೆಗಿದ್ದವು. ನಮ್ಮ ಲೋಕಸಭಾ ಸದಸ್ಯ ಶ್ರೀ ಎ. ಕೆ. ಗೋಪಾಲನ್ನರ ಪಕ್ಷವೂ ಅದರಲ್ಲೊಂದು. ಮಹಾಜನ ವರದಿಯನ್ನು ಸುತರಾಂ ಒಪ್ಪದ ಸರಕಾರ ಯಾರಿಗೆ ಮತ ಹಾಕುತ್ತದೆಯೋ ಅವರಿಗೇ ಕನ್ನಡದ ಪಕ್ಷೇತರನೂ ಮತ ಹಾಕುವುದೆಂದರೆ, ಊರಿಗೆ ಬಂದಾಗ ನಾಲ್ಕು ಮಂದಿಗೆ ಉತ್ತರ ಹೇಳಬೇಕಾಗುತ್ತದೆ. ಆ ಉತ್ತರ ನಮ್ಮಲ್ಲಿದೆ. ಎದುರಾಳಿ ಮೆಚ್ಚಿದ ಮಾತ್ರಕ್ಕೆ ಒಳ್ಳೆಯವನು ಕೆಟ್ಟವನಾಗುವುದಿಲ್ಲ. ಗುಪ್ತ ಮತದಲ್ಲಂತೂ ಪಕ್ಕದವನು ಏನು ಬರೆದ ಎಂದು ಇಣುಕುವ ಅಗತ್ಯವೇ ಇಲ್ಲ.

ಬ್ಯಾಂಕು ರಾಷ್ಟ್ರೀಕರಣದ ಸಹಿಯ ವಿಚಾರದಲ್ಲಿ ನಮ್ಮ ಕರಾವಳಿಯವರಿಗೆ ಎರಡು ಮನಸ್ಸಿತ್ತು. ಸರಕಾರದ ಕೈಗೆ ಹೋದ ಆ 14 ಬ್ಯಾಂಕುಗಳಲ್ಲಿ ಎರಡು ನಮ್ಮವು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಕೆನರಾ ಬ್ಯಾಂಕು ಒಂದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 1928ರಿಂದ ಪಿಗ್ಮಿ ಠೇವಣಿಯ ಹೆಸರಿನಲ್ಲಿ ಬಡವರ ಮನೆಬಾಗಿಲಿಗೆ ಹೋಗಿ ಚಿಲ್ಲರೆ ಕಾಸು ಕೂಡಿಸಿದ ಸಿಂಡಿಕೇಟ್ ಬ್ಯಾಂಕು ಇನ್ನೊಂದು. ಬೆವರು ಸುರಿಸಿ ಕಟ್ಟಿದ್ದು ಒಂದು ಸಹಿಯಲ್ಲಿ ದಿಲ್ಲಿಯದಾಯಿತಲ್ಲ ಎಂಬ ನೋವು ಸುಳ್ಳಲ್ಲ. ಸಾಲಕ್ಕಾಗಿ ಅಲೆದಾಡಿದ ರೈತನಿಗೆ ಬೇರೆಯೇ ಆಸೆ ಹುಟ್ಟಿದ್ದೂ ಸುಳ್ಳಲ್ಲ. ಇದೊಂದರಿಂದ ಗಿರಿಯವರಿಗೆ ಮತ ಹಾಕಬೇಕೆಂದೋ ಹಾಕಬಾರದೆಂದೋ ತೀರ್ಮಾನಿಸಲು ನಾವು ಒಪ್ಪುವುದಿಲ್ಲ. ತೀರ್ಮಾನ ಪ್ರಧಾನಿಯವರದು, ಶಾಯಿ ಮಾತ್ರ ಗಿರಿಯವರದು.

ಎಲ್ಲವನ್ನೂ ಕೂಡಿಸಿ ಕಳೆದು, ಗಿರಿಯವರ ಹೆಸರಿನ ಮುಂದೆ 1 ಎಂದೂ ದೇಶಮುಖರ ಹೆಸರಿನ ಮುಂದೆ 2 ಎಂದೂ ಬರೆಯುತ್ತಿದ್ದೆವು. ಈ 2 ಲೆಕ್ಕಕ್ಕೆ ಬರುವುದಿಲ್ಲವೆಂದು ಬಲ್ಲವರು ನಗಬಹುದು. ಮೊದಲ ಆಯ್ಕೆಯವರು ಕಣದಿಂದ ಬಿದ್ದರೆ ಮಾತ್ರ ಎರಡನೆಯ ಆಯ್ಕೆ ನೋಡುವುದು ಪದ್ಧತಿ, ಗಿರಿಯವರು ಬೀಳುವವರಾಗಿರಲಿಲ್ಲ. ಲೆಕ್ಕಕ್ಕೆ ಬಾರದಿದ್ದರೂ ಮುಂಬಯಿಗಾಗಿ ಮಂತ್ರಿಗಿರಿ ಬಿಟ್ಟವರಿಗೆ ಒಂದು ನಮಸ್ಕಾರ ಸಂದಂತಾಗುತ್ತಿತ್ತು.

ಎಣಿಕೆಯ ಕಥೆ ಸ್ವಾರಸ್ಯವಾದದ್ದು. ಶಾಸಕನ ಮತದ ಮೌಲ್ಯ ರಾಜ್ಯದಿಂದ ರಾಜ್ಯಕ್ಕೆ ಬೇರೆ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ 1,000ದಿಂದ ಭಾಗಿಸಬೇಕು. ಏಳನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕ. 1961ರ ಜನಗಣತಿಯಂತೆ ಕೇರಳದ ಜನಸಂಖ್ಯೆ 1,69,03,715, ಶಾಸಕರು 133, ಹಾಗಾಗಿ ಪ್ರತಿಯೊಬ್ಬರ ಮತಕ್ಕೆ 127ರ ಬೆಲೆ. ಮೈಸೂರಿನ ಶಾಸಕನದು 109 ಮಾತ್ರ. ಅಂದರೆ ಮಂಜೇಶ್ವರ ಮೈಸೂರಿಗೆ ಸೇರಿದ್ದರೆ ಅದರ ಶಾಸಕನ ಮತ ಅಗ್ಗವಾಗುತ್ತಿತ್ತು! ಕೇರಳದಲ್ಲಿ ಉಳಿದದ್ದರಿಂದ ನಮಗೆ ಆದ ಲಾಭಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಳ್ಳಬಹುದು. ಸಂಸತ್ ಸದಸ್ಯನ ಮತಕ್ಕೆ ಆ ವರ್ಷ 576ರ ಬೆಲೆಯಿತ್ತು.

ಕ್ರಮಬದ್ಧವಾದ ಮತಗಳ ಮೌಲ್ಯ 8,36,337. ಗೆಲ್ಲಲು ಬೇಕಾದದ್ದು 4,18,169. ಮೊದಲ ಸುತ್ತಿನಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಯಾರೂ ಗೆಲ್ಲಲಿಲ್ಲ. ಉಳಿದವರ ಮತಗಳನ್ನು ಎರಡನೆಯ ಆಯ್ಕೆಗೆ ತಕ್ಕಂತೆ ಹಂಚಿದಾಗ ಗಿರಿಯವರು 4,20,077ಕ್ಕೂ ರೆಡ್ಡಿಯವರು 4,05,427ಕ್ಕೂ ಬಂದು ನಿಂತರು. ಅಂತರ 14,650. ಹದಿಮೂರು ಮಂದಿ ಸಂಸತ್ ಸದಸ್ಯರು ಮನಸ್ಸು ಬದಲಿಸಿ ಈ ಕಡೆಯಿಂದ ಆ ಕಡೆಗೆ ಹೋಗಿದ್ದರೆ ರಾಷ್ಟ್ರಪತಿ ಬೇರೆಯವರಾಗುತ್ತಿದ್ದರು. ನಮ್ಮ ಇಬ್ಬರು ಪಕ್ಷೇತರರ 254 ಮತದಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ, ನಿಜ. ಆದರೆ ಮತ ಹಾಕುವ ದಿನ ಅದು ಯಾರಿಗೂ ಗೊತ್ತಿರಲಿಲ್ಲ.

ಆಗಸ್ಟ್ 24ರಂದು ಗಿರಿಯವರು ಪ್ರಮಾಣವಚನ ಸ್ವೀಕರಿಸಿದರು. ನವೆಂಬರಿನಲ್ಲಿ ಕಾಂಗ್ರೆಸ್ಸು ಒಡೆದು ಇಬ್ಭಾಗವಾಯಿತು. ರೆಡ್ಡಿಯವರನ್ನು ನಿಂದಿಸಿ ಸಂಸತ್ ಸದಸ್ಯರ ನಡುವೆ ಹಂಚಲಾದ ಕರಪತ್ರವೊಂದರ ವಿಚಾರ ಸುಪ್ರೀಂ ಕೋರ್ಟಿಗೆ ಹೋಯಿತು. 1970ರಲ್ಲಿ ರಾಷ್ಟ್ರಪತಿಯವರೇ ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದರು. ಅರ್ಜಿಗಳು ವಜಾ ಆದವು.

ನಮ್ಮ ಮೂರು ಕಾರಣಗಳು ಮುಂದೆ ಏನಾದವು? ಗಿರಿಯವರ ಐದು ವರ್ಷಗಳಲ್ಲಿ ಮಹಾಜನ ವರದಿ ಜಾರಿಯಾಗಲಿಲ್ಲ. ಕುರ್ಚಿಯಿಂದ ಏಳಬಲ್ಲವರೆಂದು ನಾವು ಕೊಂಡಾಡಿದವರು ಆ ಅವಧಿಯಲ್ಲಿ ಒಮ್ಮೆಯೂ ಏಳಲಿಲ್ಲ. 1974ರ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸರ ನೇತೃತ್ವದಲ್ಲಿ ರೈಲ್ವೆ ನೌಕರರು ದೇಶದಾದ್ಯಂತ ಮುಷ್ಕರ ಹೂಡಿದರು. ಸರಕಾರ ಸಾವಿರಾರು ಮಂದಿಯನ್ನು ಹಿಡಿದು ಜೈಲಿಗಟ್ಟಿತು. ಆಗ ರಾಷ್ಟ್ರಪತಿ ಭವನದಲ್ಲಿದ್ದವರು ಯೌವನದಲ್ಲಿ ರೈಲ್ವೆ ಕಾರ್ಮಿಕರನ್ನು ಸಂಘಟಿಸಿ ಮುಷ್ಕರ ನಡೆಸಿದ ಇದೇ ಗಿರಿಯವರು. ಇದು ನಮಗೆ ಇಂದಿಗೂ ಮುಳ್ಳಿನಂತೆ ಚುಚ್ಚುವ ಸಂಗತಿ. ಆದರೂ 1969ರ ಆಗಸ್ಟ್ 16ರಂದು ತಿಳಿದಿದ್ದಷ್ಟರ ಮೇಲೆ ಹಾಕುವ ಮತಕ್ಕೆ 1974ರಲ್ಲಿ ನಡೆದದ್ದನ್ನು ಹಿಂದಕ್ಕೆ ಒಯ್ದು ಅಂಟಿಸಲಾಗದು. ಸೋತಿದ್ದ ಸಂಜೀವ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ಅದೇ ಭವನಕ್ಕೆ ಹೋದರು. ಅವರ ಕಾಲದಲ್ಲಿಯೂ ಚಂದ್ರಗಿರಿ ಹರಿದ ಹಾಗೆಯೇ ಹರಿಯಿತು.

ಆಮೇಲೆ ನಿಯಮಗಳು ಬಿಗಿಯಾದವು. ಈಗ ರಾಷ್ಟ್ರಪತಿ ಸ್ಥಾನಕ್ಕೆ ನಿಲ್ಲಲು 50 ಮಂದಿ ಸೂಚಕರೂ 50 ಮಂದಿ ಅನುಮೋದಕರೂ ಬೇಕು, 15,000 ರೂಪಾಯಿ ಠೇವಣಿ ಬೇಕು. ಕೇರಳದ ಶಾಸಕನ ಮತದ ಬೆಲೆ 1971ರ ಜನಗಣತಿಯ ಲೆಕ್ಕದಲ್ಲಿ 152ಕ್ಕೆ ಏರಿತು. ಆ 152ರ ಮತವನ್ನು ಕನ್ನಡದ ಹೆಸರಿನಲ್ಲಿ ಗೆದ್ದ ಪಕ್ಷೇತರನೊಬ್ಬ ಹಾಕುವ ಕಾಲ ಮಾತ್ರ ಹಿಂದೆ ಉಳಿಯಿತು.

ಕಡೆಯದಾಗಿ ಒಂದು ಮಾತು. ಮತಪತ್ರದಲ್ಲಿ ಆಯ್ಕೆಯನ್ನು ಅಕ್ಷರದಲ್ಲಿ ಬರೆಯಕೂಡದು, ಅಂಕೆಯಲ್ಲೇ ಬರೆಯಬೇಕು. ಆದರೆ ಅಂಕೆ ಯಾವುದೇ ಭಾರತೀಯ ಭಾಷೆಯದಾದರೂ ಆಗುತ್ತದೆ. ಅಂದರೆ ತಿರುವನಂತಪುರದಲ್ಲಿ ನಮ್ಮ ಶಾಸಕ ಧಾರಾಳವಾಗಿ ಕನ್ನಡದ ೧ ಬರೆಯಬಹುದು. 2021ರಲ್ಲಿ ಮಂಜೇಶ್ವರದ ಶಾಸಕರು ಅದೇ ಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಓದಿದಂತೆ. ತೊಡಕೇನೆಂದರೆ, ಆ ಪೆಟ್ಟಿಗೆಯಲ್ಲಿ ಕನ್ನಡದ ಅಂಕೆ ಇನ್ನೊಂದು ಇರಲಾರದು. ಪೆಟ್ಟಿಗೆ ತೆರೆದ ಕೂಡಲೇ ಅದು ಯಾರ ಮತವೆಂದು ಎಣಿಸುವವರಿಗೆಲ್ಲ ತಿಳಿದುಹೋಗುತ್ತದೆ. ಆದ್ದರಿಂದ ನಾವಾಗಿದ್ದರೆ, ಮನಸ್ಸಿಲ್ಲದ ಮನಸ್ಸಿನಿಂದ, ಉಳಿದವರೆಲ್ಲ ಬರೆಯುವ 1 ಅನ್ನೇ ಬರೆದು ಮಡಚಿ ಹಾಕುತ್ತಿದ್ದೆವು.